ಗೇರ್ ಕಡ್ಡಿಯ ಮೇಲಿನ ಎರಡು ಗೀರು

ಭೀಮಾಶಂಕರನ ಗಾಡಿ ಮೂರನೇ ಸಲ ನಮ್ಮ ಗ್ಯಾರೇಜಿಗೆ ವಾಪಸ್ ಬಂದದ್ದು ಗುರುವಾರ ಬೆಳಿಗ್ಗೆ. ಅಂಥ ಜೋರಾಗಿ ಓಡುವ ಬೈಕು ಉಮರ್ಗಾದ ನಮ್ಮ ಓಣಿಗೆ ಒಂದನೇ ಗೇರಿನಲ್ಲಿ ಒದರಿಕೊಂಡು ಬರುವುದೇ ಒಂದು ವಿಚಿತ್ರ. ಇಳಿದವನು ನನ್ನ ಕಡೆ ನೋಡಲಿಲ್ಲ, ಸೀದಾ ಮಾಮಾನ ಮುಂದೆ ಹೋಗಿ ನಿಂತ.

"ಜಗದೇವಪ್ಪಣ್ಣಾ, ನಿಮ್ಮ ಹುಡುಗಿ ಕೈ ಹಚ್ಚಿದ ಮ್ಯಾಲ ಗಾಡಿ ಇನ್ನೂ ಕೆಟ್ಟದ ನೋಡ್ರಿ. ಮೊದಲ ಒಂದೆರಡು ಝಟಕಾ ಹೊಡಿತಿತ್ತು. ಈಗ ನಿಲಂಗಾ ಮುಟ್ಟೋದ್ರಾಗ ಹತ್ತು ಸಲ ಹೊಡಿತದ. ನಿನ್ನಿ ಹಿಂದ ಟ್ರಕ್ ಇತ್ತು ರೀ. ಸಾಯ್ತಿದ್ದೆ."

ಮಾಮಾ ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದ. "ಕೇಳಿದೇನು ವೈಷ್ಣವೀ? ಶನಿವಾರ ಮಟ ಟೈಮ್ ಕೊಟ್ಟೀನಿ. ಹುಡುಕು. ಆಗಲ್ಲಂದ್ರ ಪಾನಾ ಕೆಳಗಿಟ್ಟು ಕೌಂಟರಿಗೆ ಹೋಗಿ ಕುಂದ್ರು. ಪ್ಲಗ್ಗು, ಆಯಿಲ್ ಡಬ್ಬಿ ಮಾರ್ಲಕ್ಕ ಯಾರೂ ಬ್ಯಾಡ ಅನ್ನಲ್ಲ."

ಉದಗೀರದ ಐಟಿಐಯಲ್ಲಿ ಎರಡು ವರ್ಷ ಕಲಿತು ಬಂದ ಮೇಲೂ ಮಾಮಾನ ಕೈಯಿಂದ ನಟ್ಟು ಬಿಗಿಯುವ ಪಾನಾ ಕಸಿದುಕೊಳ್ಳಲು ನನಗೆ ಆರು ತಿಂಗಳು ಹಿಡಿದಿತ್ತು. ಅದು ಎರಡು ದಿನದಲ್ಲಿ ಹೋಗುವುದರಲ್ಲಿತ್ತು.

ಕೆಟ್ಟದ್ದು ಅಂತ ಅವನು ಹೇಳುತ್ತಿದ್ದುದು ಕ್ವಿಕ್‌ಶಿಫ್ಟರ್. ಕ್ಲಚ್ ಹಿಡಿಯದೆ ಗೇರ್ ಏರಿಸಲು ಇರುವ ಸಾಧನ. ಗೇರಿನ ಕಡ್ಡಿಯಲ್ಲಿ ಒಂದು ಸಣ್ಣ ಸೆನ್ಸರ್ ಕೂತಿರುತ್ತದೆ. ಕಾಲು ಕಡ್ಡಿಯನ್ನು ಮೇಲಕ್ಕೆತ್ತಿತೋ, ಅದು ಎಂಜಿನ್ನಿನ ಕಿಡಿಯನ್ನು ರೆಪ್ಪೆ ಬಡಿಯುವಷ್ಟು ಹೊತ್ತು ಕಡಿದುಹಾಕುತ್ತದೆ. ಆ ಸಂದಿನಲ್ಲಿ ಗೇರ್ ಬೀಳುತ್ತದೆ. ಕಾಲು ಅಲುಗದೆಯೂ ಕಿಡಿ ಕಡಿದರೆ ಗಾಡಿ ಮುಗ್ಗರಿಸುತ್ತದೆ.

ನಾನು ವೈರನ್ನು ಬುಡದಿಂದ ತುದಿಯವರೆಗೆ ಬೆರಳಲ್ಲಿ ಸವರಿದೆ. ಎಲ್ಲೂ ಸುಲಿದಿರಲಿಲ್ಲ. ಮೀಟರ್ ಹಚ್ಚಿದೆ, ಸರಿ ಇತ್ತು. ನಟ್ಟು ಬಿಗಿಯಾಗಿತ್ತು. ಹೈವೇಗೆ ಒಯ್ದು ಐದನೇ ಗೇರಿನ ತನಕ ಏರಿಸಿದೆ, ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಹೋಯಿತು. ನನ್ನ ಕೈಯಲ್ಲಿ ಬಂಗಾರ, ಅವನ ಕೈಯಲ್ಲಿ ಕತ್ತೆ. ಹಾಗಾದರೆ ಯಾರು ಸುಳ್ಳು?

ತೊಳೆಯುವಾಗ ಕಂಡದ್ದು ಎರಡು ಗೀರು. ಗೇರ್ ಕಡ್ಡಿಯ ಹಿಂಬದಿ, ಬಣ್ಣ ಎದ್ದು, ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಏನನ್ನೋ ಬಿಗಿದು, ಬಿಚ್ಚಿ, ಮತ್ತೆ ಬಿಗಿದ ಗುರುತು.

ಸಂಜೆ ಗಾಡಿ ಒಯ್ಯಲು ಬಂದವನನ್ನು ಕೇಳಿದೆ. "ಇಲ್ಲಿ ಏನರ ಹಚ್ಚಿದ್ರೇನು ರೀ?"

"ಏನಿಲ್ಲ." ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. "ನಾಳಿ ಯೆಣೆಗೂರ ದವಾಖಾನಿಗೆ ಹೋಗೋದದ, ಗಾಡಿ ಬೇಕು. ಶನಿವಾರ ತರ್ತೀನಿ." ಅವನು ಔಷಧ ಕಂಪನಿಯ ಕೆಲಸದವನು. ವಾರವೆಲ್ಲ ಉಮರ್ಗಾ, ನಿಲಂಗಾ, ಉದಗೀರ ಅಂತ ತಿರುಗುತ್ತಾನೆ.

ಅವನು ಹೋದ ಮೇಲೆ ಮಾಮಾ ಅಂದ, "ಅಂವಾ ಗಾಡಿ ತಾನೇ ಕೆಡಸ್ಲತಾನ. ಯಾಕಂತ ಗೊತ್ತಿಲ್ಲ. ಉದಗೀರದ ವಿಶ್ವನಾಥಪ್ಪ ಸಾವ್ಕಾರ ನಿನ್ನಿ ಫೋನ್ ಮಾಡಿದ್ದ. ಮಗಳನ್ನ ಇಂವಗ ಕೊಡೋದದ ಅಂತ, ಚೌಕಶಿ. ಹುಡುಗ ಹ್ಯಾಂಗ ಅಂತ ಕೇಳಿದ. ಶನಿವಾರ ಹೇಳ್ತೀನಿ ಅಂದೀನಿ."

ನಮ್ಮ ಕಡೆ ಹೀಗೇ. ಹೆಣ್ಣು ಕೊಡುವ ಮೊದಲು ಹುಡುಗನ ಮನೆಯವರನ್ನು ಯಾರೂ ಕೇಳುವುದಿಲ್ಲ. ಕಿರಾಣಿಯವನನ್ನು, ಕ್ಷೌರದವನನ್ನು, ಗ್ಯಾರೇಜಿನವನನ್ನು ಕೇಳುತ್ತಾರೆ.

ರೊಟ್ಟಿ ಬಡಿಯುತ್ತಿದ್ದ ಅಜ್ಜಿಗೆ ಎಲ್ಲ ಹೇಳಿದೆ. ಕಲ್ಯಾಣಮ್ಮಜ್ಜಿ ಯಾವ ಪ್ರಶ್ನೆಗೂ ಸೀದಾ ಉತ್ತರ ಕೊಡುವವಳಲ್ಲ. ಬಾವಿಗೆ ಬಂದು ನೀರು ಕೇಳಿದ ಚೆಲುವ ವ್ಯಾಪಾರಿಯ ಕಥೆ ತೆಗೆದಳು. ಆರು ಮಂದಿ ಅಕ್ಕಂದಿರು ಅವನ ಕಿವಿಯ ಮುತ್ತು ನೋಡಿದರಂತೆ. ನೀರು ಹೊಯ್ಯಲು ಬಗ್ಗಿದ ಏಳನೆಯವಳಿಗೆ ಮಾತ್ರ ಅವನ ಪಾದ ಹಿಂದುಮುಂದಾಗಿರುವುದು ಕಂಡಿತಂತೆ.

"ಮಾರಿ ಯಾರರ ತೊಳ್ಕೋತಾರ ಮಗಾ. ಕಾಲು ನೋಡು," ಅಂದಳು ಅಜ್ಜಿ.

ನಗಬೇಕಿತ್ತು. ನಗು ಬರಲಿಲ್ಲ. ಭೀಮಾಶಂಕರ ಗ್ಯಾರೇಜಿನ ಅಂಗಳ ದಾಟುವಾಗ ಎಡ ಮೊಣಕಾಲು ಬೇಕಾದ್ದಕ್ಕಿಂತ ಮೇಲೇಳುತ್ತಿತ್ತು, ಕಾಣದ ಹೊಸ್ತಿಲೊಂದನ್ನು ದಾಟುವ ಹಾಗೆ. ಬೂಟು ನೆಲಕ್ಕೆ ಬೀಳುವಾಗ ಮೊದಲು ತುದಿ ತಾಕುತ್ತಿತ್ತು, ಆಮೇಲೆ ಹಿಮ್ಮಡಿ.

ಶುಕ್ರವಾರ ಅಜ್ಜಿಗೆ ಗುಳಿಗೆ ತರುತ್ತೇನೆಂದು ಸುಳ್ಳು ಹೇಳಿ ಯೆಣೆಗೂರಿನ ಎಸ್‌ಟಿ ಬಸ್ಸು ಹತ್ತಿದೆ. ಮಾಮಾ ನಂಬಿದನೋ ಇಲ್ಲವೋ, ಒಂದು ಗಳಿಗೆ ನನ್ನ ಮುಖ ನೋಡಿದ.

ದವಾಖಾನೆಯ ಎದುರಿನ ಢಾಬಾದ ಮುಂದೆ ಬೇವಿನ ನೆರಳಲ್ಲಿ ನಿಂತೆ. ಹನ್ನೊಂದರ ಸುಮಾರಿಗೆ ಅವನ ಗಾಡಿ ಬಂತು. ರಸ್ತೆಯ ಪ್ರತಿ ತಗ್ಗು-ಕುಣಿಗೂ ಅದು ಬಿಕ್ಕುತ್ತಿತ್ತು. ನಾನು ಮುಖ ನೋಡಲಿಲ್ಲ, ಕಾಲು ನೋಡಿದೆ. ಗೇರ್ ಕಡ್ಡಿಗೆ ಹಿಂದೆ ಒಂದು ಕಬ್ಬಿಣದ ತುಂಡು ಬಿಗಿದಿತ್ತು. ಹಳೆಯ ಗಾಡಿಗಳಲ್ಲಿ ಹಿಮ್ಮಡಿಯಿಂದ ತುಳಿದು ಗೇರ್ ಏರಿಸಲು ಇರುತ್ತದಲ್ಲ, ಅಂಥದ್ದು. ಅದನ್ನು ತುಳಿದರೆ ಮುಂದಿನ ತುದಿ ತಾನೇ ಮೇಲೇಳುತ್ತದೆ. ಅವನು ಗಾಡಿ ನಿಲ್ಲಿಸಿದ ಕೂಡಲೇ ಹತ್ತಿರ ಹೋದೆ.

"ಗ್ಯಾರೇಜಿಗೆ ಬರೋಮುಂದ ಇದನ್ನ ಬಿಚ್ಚಿ ಬರ್ತೀರಿ," ಅಂದೆ.

ಅವನ ಮುಖದ ಬಣ್ಣ ಇಳಿಯಿತು. "ನಿಮ್ಮನ್ನ ಯಾರು ಕಳಿಸ್ಯಾರ? ಉದಗೀರದವರೇನು?"

"ನನ್ನ ಯಾರೂ ಕಳಿಸಿಲ್ಲ. ನೀವು ನನ್ನ ಕೆಲ್ಸ ಕಳಿಲತ್ತೀರಿ, ಅದಕ್ಕ ಬಂದೀನಿ. ಕಾಲು ಇಳಿಸಬ್ಯಾಡ್ರಿ. ಹಂಗೇ ಕೂಡ್ರಿ."

ಎಸ್‌ಟಿ ಟಿಕೇಟನ್ನು ಅವನ ಹಿಮ್ಮಡಿ ಮತ್ತು ಕಬ್ಬಿಣದ ನಡುವೆ ತೂರಿಸಲು ನೋಡಿದೆ. ಹೋಗಲಿಲ್ಲ. ಬೂಟನ್ನು ಕೈಯಿಂದ ತುಸು ಎತ್ತಿ ಚೀಟಿ ಇಟ್ಟೆ, ಕೈ ಬಿಟ್ಟೆ.

"ಈಗ ಒತ್ತಬ್ಯಾಡ್ರಿ."

"ಒತ್ತಿಲ್ಲ ರೀ."

ಚೀಟಿ ಎಳೆದೆ. ಅರ್ಧ ನನ್ನ ಕೈಗೆ ಬಂತು, ಅರ್ಧ ಅವನ ಹಿಮ್ಮಡಿಯ ಕೆಳಗೇ ಉಳಿಯಿತು.

ಅವನು ಆ ಹರಿದ ಚೀಟಿಯನ್ನೇ ನೋಡುತ್ತ ಕೂತ. ಸುಳ್ಳು ಹೇಳುವವನ ಮುಖ ಅದಾಗಿರಲಿಲ್ಲ. "ನಾ ಒತ್ತಿದ್ದು ನನಗ ಗೊತ್ತೇ ಆಗಲ್ಲ," ಅಂದ ಮೆಲ್ಲಗೆ. "ಮೊಣಕಾಲ ಕೆಳಗ ಏನೂ ಹತ್ತಲ್ಲ. ಕಿಲ್ಲಾರಿ ಕಡಿ ನಮ್ಮವ್ವನ ತವರು. ಭೂಕಂಪದಾಗ ತೊಟ್ಟಿಲ ಮ್ಯಾಲ ತೊಲಿ ಬಿತ್ತು. ನಾ ಮೂರು ತಿಂಗಳಾಂವ. ಬೆರಳು ಮ್ಯಾಲ ಏಳಲ್ಲ. ಅದಕ್ಕ ಇದನ್ನ ಹಚ್ಚೀನಿ. ನಿಮ್ಮಲ್ಲಿ ಬರೋಮುಂದ ತೆಗಿತೀನಿ, ಮನಿ ಹತ್ರ ಅದ, ಒಂದನೇ ಗೇರಿನ್ಯಾಗ ಬರ್ತೀನಿ. ಗ್ಯಾರೇಜಂದ್ರ ಚೌಕಶಿ ಕಟ್ಟಿ, ಹೆಣ್ಣಿನ ಕಡಿಯವರು ಅಲ್ಲೇ ಕೇಳ್ತಾರ."

ಗುಟ್ಟು ಗೊತ್ತಾಯಿತು. ಬಿಚ್ಚಿ ಮತ್ತೆ ಬಿಗಿಯುವಾಗೆಲ್ಲ ಅಂದಾಜಿನ ಮೇಲೆ ಕಬ್ಬಿಣ ತುಸು ಮೇಲಕ್ಕೆ ಹೋಗಿ ಕೂತಿದೆ. ಅರಿವಿಲ್ಲದ ಹಿಮ್ಮಡಿ ಇನ್ನಷ್ಟು ಭಾರ ಹಾಕಿದೆ. ಕುಣಿ ಬಂದಾಗೆಲ್ಲ, ಇವನು ಗೇರ್ ಏರಿಸುತ್ತಿದ್ದಾನೆ ಅಂದುಕೊಂಡು ಸೆನ್ಸರ್ ಕಿಡಿ ಕಡಿದಿದೆ. ಗಾಡಿ ಕೆಟ್ಟದ್ದು ನಾನು ಕೈ ಹಚ್ಚಿದ್ದಕ್ಕಲ್ಲ.

"ಮಾಮಾಗ ಹೇಳಬ್ಯಾಡ್ರಿ ಅಕ್ಕಾ. ಬರೋ ವಾರ ಸಾಖರಪುಡಾ, ನಿಶ್ಚಿತಾರ್ಥ ಅದ. ಅಲ್ಲೀಮಟ."

"ಆಮ್ಯಾಲ ಆ ಹುಡುಗಿಗಿ ಹೇಳ್ತೀರೇನು?"

ಅವನು ಬಗ್ಗಿ ಹರಿದ ಚೀಟಿಯನ್ನು ಬಿಡಿಸತೊಡಗಿದ.

"ಆಕಿ ಹೆಸರೇನು?"

"ಅನುರಾಧಾ."

"ನಿಮ್ಮ ಕಾಲಿಂದು ನಾ ಯಾರಿಗೂ ಹೇಳಲ್ಲ," ಅಂದೆ. "ಆದ್ರ ನನ್ನ ತಪ್ಪು ಅಂತನೂ ಹೇಳಲ್ಲ. ಮಾಮಾ ನಿಮ್ಮ ಮ್ಯಾಲ ಶಕ್ ಮಾಡ್ಯಾನ. ಗಾಡಿ ತಾನೇ ಕೆಡಸ್ತಾನ, ಖೋಟಾ ಮನುಷ್ಯಾ ಅಂತ ಉದಗೀರಕ್ಕ ಹೇಳೋಂವ ಇದ್ದಾನ. ಯಾವ್ದು ಚೊಲೋ, ನೀವೇ ನೋಡ್ರಿ."

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ನನ್ನ ಮೇಲೇ ಸಂಶಯ. ಅವನ ಮೇಲೆ ಕನಿಕರವೋ, ಪಾನಾ ಉಳಿಯಲಿ ಅಂತ ಹಟವೋ, ಕಾಣದ ಆ ಅನುರಾಧಾಳ ಚಿಂತೆಯೋ.

ಶನಿವಾರ ಹತ್ತಾಯಿತು, ಹನ್ನೊಂದಾಯಿತು. ಮಾಮಾ ಕೇಳಿದ, "ಸಿಕ್ಕಿತೇನು?"

"ಸಿಕ್ಕದ."

"ಏನದು?"

"ಗಿರಾಕಿನ್ನ ಕೇಳ್ರಿ."

"ನನ್ನ ಮುಂದೇ ಮುಚ್ಚಿಡ್ತಿ? ನಿನ್ನಿ ಗುಳಗಿ ತರ್ಲಕ್ಕ ಹೋದಾಕಿ ಬರೀ ಕೈಲೆ ಬಂದಿ. ಅವನ ಕೂಡ ಏನು ಗುಸುಗುಸು ನಡದದ?"

ಕಿವಿ ಬಿಸಿಯಾಯಿತು. ಬಾಯಿ ತೆಗೆದರೆ ಎರಡೇ ಮಾತಿನಲ್ಲಿ ಬಚಾವಾಗುತ್ತಿದ್ದೆ. ಹಲ್ಲು ಕಚ್ಚಿ ಚೈನ್ ತಿಕ್ಕುತ್ತ ಕೂತೆ. ಮಾಮಾ ನನ್ನ ಪಾನಾದ ಡಬ್ಬಿಯನ್ನು ಕಾಲಿನಿಂದ ತನ್ನ ಕಡೆ ಸರಿಸಿಕೊಂಡ.

ಭೀಮಾಶಂಕರ ಬಂದಾಗ ಹನ್ನೆರಡು ದಾಟಿತ್ತು. ಈ ಸಲ ಕಬ್ಬಿಣ ಗಾಡಿಯಲ್ಲೇ ಇತ್ತು.

"ಇದೇನೋ ಇದು?" ಮಾಮಾ ಬಗ್ಗಿದ.

"ಹುಡುಗಿ ತಪ್ಪಿಲ್ಲಣ್ಣಾ."

"ಮತ್ತ ಯಾರದು?"

ಅವನು ಸ್ಟೂಲ್ ಎಳೆದುಕೊಂಡು ಕೂತ. ಎಡಗಾಲಿನ ಬೂಟಿನ ಲೇಸು ಬಿಚ್ಚಿದ, ಕಾಲುಚೀಲ ತೆಗೆದ. ಸಣ್ಣ ಪಾದ, ಹಾಲಿನಷ್ಟು ಬಿಳಿ, ಬಿಸಿಲನ್ನೇ ಕಾಣದ್ದು. ಬೆರಳು ಎತ್ತಲು ನೋಡಿದ. ಅವು ನೆಲ ನೋಡುತ್ತಲೇ ಇದ್ದವು.

ಮಾಮಾ ಆ ಪಾದ ನೋಡಿದ, ಕಬ್ಬಿಣ ನೋಡಿದ. ಆಮೇಲೆ ಅಂಗಿಯ ಜೇಬಿನಿಂದ ಫೋನ್ ತೆಗೆದು ಒಂದು ನಂಬರ್ ಒತ್ತಿ ಅವನ ಕೈಗಿಟ್ಟ. "ವಿಶ್ವನಾಥಪ್ಪ ಸಾವ್ಕಾರ. ಗಾಡಿ ಬಗ್ಗೆ ಕೇಳಿದ್ರ ನಾ ಹೇಳ್ತಿದ್ದೆ. ಇದು ನಿನ್ನ ಮಾತು, ನೀನೇ ಹೇಳು."

ಫೋನ್ ರಿಂಗಾಗುತ್ತಿತ್ತು. ಮಾಮಾ ಡಬ್ಬಿಯಿಂದ ಹತ್ತರ ಪಾನಾ ಹುಡುಕಿ ತೆಗೆದ, ನೋಡದೆ ನನ್ನ ಕಡೆ ಚಾಚಿದ. "ಎರಡು ಬೆರಳು ಕೆಳಗ ಇಳಿಸು ಅದನ್ನ. ಒಂದು ಸ್ಪ್ರಿಂಗ್ ಕೊಡು, ಕಾಲಿನ ಭಾರ ಹೊತ್ಕೋಬೇಕು. ಗಟ್ಟಿ ಬಿಗಿ, ಇನ್ನ ಬಿಚ್ಚೋದಿಲ್ಲ ಅಂವಾ."

ಆ ಕಡೆಯಿಂದ ದಪ್ಪ ದನಿಯೊಂದು ಹಲೋ ಅಂತು.

"ನಾ ಭೀಮಾಶಂಕರ ರೀ, ಉಮರ್ಗಾದಿಂದ. ಅಪ್ಪಾರೇ, ಜರಾ ಅನುರಾಧಾ ಅವರ ಕೈಯಾಗ ಫೋನ್ ಕೊಡ್ತೀರೇನು? ಒಂದು ಮಾತು ಅವರ ಮುಂದ ಮೊದಲ ಹೇಳೋದದ."

ನಾನು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನಟ್ಟಿಗೆ ಪಾನಾ ಹಚ್ಚಿದೆ. ಮಾಮಾ ಹೊರಗೆ ಹೋದ ಹಾಗೆ ಮಾಡಿ ಬಾಗಿಲಲ್ಲೇ ನಿಂತಿದ್ದ, ಕಿವಿ ಒಳಗಿಟ್ಟು.