ಮಾಲ್‌ಸುನಳ ಬೆನ್ನು

ಇಮ್‌ಸುಕ್ ಸೌಟನ್ನು ಸಾರಿನ ಪಾತ್ರೆಯಲ್ಲೇ ಬಿಟ್ಟು, ಮೇಲೇರಿಸಿಕೊಂಡಿದ್ದ ಶೋಕದ ಕರಿ ಉಡುಪಿನ ತೋಳುಗಳನ್ನು ಇಳಿಸಿಕೊಳ್ಳುತ್ತ ಬಾಗಿಲಿಗೆ ಓಡಿದಳು. ಬಿಳಿ ಕೋಟಿನವರು ಆರು ಮಂದಿ ಹೊರಗೆ ಚಪ್ಪಲಿ ಬಿಡುತ್ತಿದ್ದರು. ಮುಂದೆ ನಿಂತಿದ್ದವರು ಮುದುಕರಾದ ಡಾಕ್ಟರ್ ಪ್ಯೊನ್. ಹಿಂದೆ ಇಬ್ಬರು ಬಾಗಿಲಷ್ಟು ಎತ್ತರದ ಬಿಳಿ ಸೇವಂತಿಗೆಯ ಅಲಂಕಾರವನ್ನು ಓರೆ ಮಾಡಿ ಒಳಗೆ ತರಲು ಒದ್ದಾಡುತ್ತಿದ್ದರು. ಅದರ ರಿಬ್ಬನ್ ಮೇಲೆ ‘ನಮ್ಮೆಲ್ಲರ ಗುರುವಿಗೆ’ ಎಂದು ಬರೆದಿತ್ತು.

ಇಮ್‌ಸುಕಳ ತಾಯಿ ಮಾಲ್‌ಸುನ್ ಈ ಡಾಕ್ಟರುಗಳ ಆಸ್ಪತ್ರೆಯಲ್ಲೇ ಮೂವತ್ತೊಂದು ವರ್ಷ ಹಾಸಿಗೆಯ ಚಾದರ ಒಗೆದವಳು. ಈಗ ಅವಳು ತೀರಿಕೊಂಡು, ಅದೇ ಆಸ್ಪತ್ರೆಯ ನೆಲಮಾಳಿಗೆಯ ಶೋಕಗೃಹದಲ್ಲಿ ಅವಳ ಫೋಟೊ ಇಟ್ಟಿದ್ದರು. ಜೊತೆಯಲ್ಲಿ ಚಾದರ ಒಗೆಯುತ್ತಿದ್ದ ಮುದುಕಿ ಜೊಮ್ರೆ ಬೆಳಗಿನಿಂದ ಬಂದವರಿಗೆಲ್ಲ ಊಟ ಬಡಿಸುತ್ತಿದ್ದಳು. ಮಗಳಾದವಳು ಫೋಟೊ ಪಕ್ಕ ಕೂರಬೇಕು, ಸಾರು ಬಡಿಸುತ್ತ ನಿಲ್ಲಬಾರದು ಎಂದು ಇಮ್‌ಸುಕಳನ್ನು ಆಗಲೇ ಎರಡು ಸಲ ಬೈದಿದ್ದಳು. ಹೂವು ಕಂಡದ್ದೇ ಅವಳ ಕಿವಿಯ ಹತ್ತಿರ ಬಂದಳು.

“ನಮ್ಮ ಲಾಂಡ್ರಿಯವರು ಯಾರು ಸತ್ತರೂ ಇವರು ಒಂದು ಎಸಳು ಕಳಿಸಿದವರಲ್ಲ. ಹುಷಾರಾಗಿರು ಕಣೆ.”

ಡಾಕ್ಟರ್ ಪ್ಯೊನ್ ನೋಯುವ ಮಂಡಿ ಊರಿ ಫೋಟೊಗೆ ಎರಡು ಸಲ ಅಡ್ಡಬಿದ್ದರು. ಎದ್ದಾಗ ಅವರ ಕಣ್ಣು ನಿಜವಾಗಿಯೂ ತೇವವಾಗಿತ್ತು. ಆಸ್ಪತ್ರೆಯ ನೂರು ವರ್ಷದ ಇತಿಹಾಸ ಎಂಬ ಭಾರವಾದ ಪುಸ್ತಕವನ್ನು ಊದುಬತ್ತಿಯ ಪಕ್ಕದಲ್ಲಿಟ್ಟರು. ಊಟಕ್ಕೆ ಕೂತು, ಸಾರು ಕುಡಿದು ಮುಗಿಸಿ, ಬಟ್ಟಲನ್ನು ಪಕ್ಕಕ್ಕೆ ಸರಿಸಿದ ಮೇಲೆ ವಿಷಯಕ್ಕೆ ಬಂದರು. ಆಸ್ಪತ್ರೆ ಸೇರಿದ ವರ್ಷವೇ ಮಾಲ್‌ಸುನ್ ತನ್ನ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗೆ ಬಿಟ್ಟುಕೊಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಹೊಸದಾಗಿ ತೆರೆಯುವ ವಸ್ತುಸಂಗ್ರಹಾಲಯದಲ್ಲಿ ಅವಳ ಅಸ್ಥಿಪಂಜರವನ್ನು ಹೆಸರಿನ ಸಮೇತ ಗೌರವದಿಂದ ನಿಲ್ಲಿಸುತ್ತಾರೆ. ಕಾಗದ ಹಳೆಯದಾದ್ದರಿಂದ ಮಗಳ ಸಹಿಯೊಂದು ಬೇಕು. ಒತ್ತಾಯವೇನೂ ಇಲ್ಲ.

*

ಮಾಲ್‌ಸುನ್ ವಾಂದೊ ದ್ವೀಪದವಳು. ಕೊರಿಯಾ ಯುದ್ಧ ಮುಗಿದು ಏಳು ವರ್ಷವಾಗಿತ್ತು, ಅವಳಿಗೆ ಹದಿನೆಂಟು. ಬೆನ್ನುಮೂಳೆಗೆ ಕ್ಷಯ ಹತ್ತಿ ನಡೆಯಲಾಗದ ಮಗಳನ್ನು ಅಪ್ಪ ಸೌದೆ ಹೊರುವ ಚೌಕಟ್ಟಿಗೆ ಕಟ್ಟಿ, ಬೆನ್ನ ಮೇಲೆ ಹೊತ್ತು ದೋಣಿ ಹತ್ತಿಸಿದ್ದ. ಎರಡು ಆಸ್ಪತ್ರೆಗಳು ಬಾಗಿಲಿನಿಂದಲೇ ಕಳಿಸಿದವು. ಗುಡ್ಡದ ಮೇಲಿನ ಈ ಆಸ್ಪತ್ರೆ ಕಳಿಸಲಿಲ್ಲ. ಇಲ್ಲಿ ಕುಷ್ಠದವರು, ಅನಾಥ ಮಕ್ಕಳು, ಅಮೆರಿಕದ ಸೈನಿಕರ ಬಾರುಗಳಲ್ಲಿ ಬಸಿರಾದ ಹುಡುಗಿಯರು, ಎಲ್ಲರಿಗೂ ಒಂದೇ ವಾರ್ಡು, ಒಂದೇ ಅನ್ನ. ಯಾರನ್ನೂ ಯಾವ ಊರು, ಯಾರ ಮಗಳು ಎಂದು ಕೇಳುತ್ತಿರಲಿಲ್ಲ. ಮಾಲ್‌ಸುನ್ ಬದುಕಿಕೊಂಡಳು. ಬೆನ್ನು ಮಾತ್ರ ಕುಡುಗೋಲಿನಂತೆ ಬಾಗಿಯೇ ಉಳಿಯಿತು. ಓದು ಬಾರದ ಅವಳ ಹೆಬ್ಬೆರಳನ್ನು ಯಾರೋ ಹಿಡಿದು ಯಾವುದೋ ಕಾಗದದ ಮೇಲೆ ಒತ್ತಿಸಿದರು. ಲಾಂಡ್ರಿಯಲ್ಲಿ ಕೆಲಸವನ್ನೂ ಕೊಟ್ಟರು.

ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಲಾಂಡ್ರಿಗೆ ಕರೆ ಬರುತ್ತಿತ್ತು. ಮಾಲ್‌ಸುನ್ ಒದ್ದೆ ಕೈ ಒರೆಸಿಕೊಂಡು ಹೋಗಿ, ರವಿಕೆ ಬಿಚ್ಚಿ, ಬೆನ್ನು ತಿರುಗಿಸಿ ಕೂರುತ್ತಿದ್ದಳು. ಚಳಿಗಾಲದಲ್ಲಿ ಬೆನ್ನು ಮುಟ್ಟುವ ವಿದ್ಯಾರ್ಥಿಗಳ ಬೆರಳುಗಳು ಮಂಜುಗಡ್ಡೆಯಂತಿರುತ್ತಿದ್ದವಂತೆ. ಇಂಥ ಬೆನ್ನಿನವಳು ಹೆರುವುದು ಅಪರೂಪವೆಂದು ಇಮ್‌ಸುಕ್ ಹುಟ್ಟುವ ದಿನ ಇಪ್ಪತ್ತೆರಡು ಹುಡುಗರು ಮಂಚ ಸುತ್ತುವರಿದಿದ್ದರು. ಹಿಂದಿದ್ದ ಒಬ್ಬ ತನಗೆ ಕಾಣುತ್ತಿಲ್ಲವೆಂದು ಸ್ಟೂಲು ತರಿಸಿ ಹತ್ತಿ ನಿಂತ. ನೋವಿನ ನಡುವೆ ಮಾಲ್‌ಸುನ್ ಕಾಲಿನ ಮೇಲೆ ಒಂದು ಬಟ್ಟೆ ಹಾಕಿ ಎಂದು ಕೇಳಿದಳು. ಒಂದೇ ನಿಮಿಷ ತಡಕೋ ತಾಯಿ, ನಿನ್ನಿಂದ ಎಷ್ಟೋ ಬಾಣಂತಿಯರು ಬದುಕುತ್ತಾರೆ ಎಂದು ದೊಡ್ಡ ಡಾಕ್ಟರು ಅವಳ ತಲೆ ಸವರಿದರು. ಅದು ಸುಳ್ಳೂ ಆಗಿರಲಿಲ್ಲ.

ಇದನ್ನು ಅವಳು ಮಗಳಿಗೆ ಹೇಳಿದ್ದು ಒಂದೇ ಸಲ, ಕಿಮ್ಚಿ ಉಪ್ಪಿನಕಾಯಿಗೆ ಬೆಳ್ಳುಳ್ಳಿ ಸುಲಿಯುತ್ತ, ಬೇರೆ ಯಾರದೋ ಕತೆಯೆಂಬಂತೆ. ಹೋದ ತಿಂಗಳು ಹಾಸಿಗೆ ಹಿಡಿದಾಗ ಮಾತ್ರ ಇಮ್‌ಸುಕಳ ಮಣಿಕಟ್ಟು ಹಿಡಿದುಕೊಂಡು ಹೇಳಿದಳು: “ನಾನು ಹೋದ ಮೇಲೆ ನನ್ನ ಬಟ್ಟೆ ಬಿಚ್ಚೋಳು ನೀನೊಬ್ಬಳೇ ಆಗಿರು. ಬೇರೆ ಯಾರೂ ಬೇಡ.”

*

“ಆಗಲ್ಲ ಡಾಕ್ಟ್ರೇ,” ಎಂದಳು ಇಮ್‌ಸುಕ್. “ಅಮ್ಮ ಬೇಡ ಅಂದಿದ್ದಾಳೆ.”

ಡಾಕ್ಟರ್ ಪ್ಯೊನ್ ಬೇಸರಪಡಲಿಲ್ಲ. ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. “ನೀವು ಹುಟ್ಟಿದಾಗ ನಿಮ್ಮ ತಲೆ ಮೊದಲು ಕಂಡಿದ್ದು ನನಗೇ ಕಣಮ್ಮಾ. ಸ್ಟೂಲ್ ಮೇಲೆ ನಿಂತಿದ್ದೆ ನೋಡಿ. ಇವತ್ತಿಗೂ ಮರೆತಿಲ್ಲ.”

ಇಮ್‌ಸುಕ್ ಕೈ ಎಳೆದುಕೊಂಡಳು. ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸತೊಡಗಿದಳು.

ಇಮ್‌ಸುಕಳ ಮಗಳು ಹಾರಿಮ್ ಅವಳನ್ನು ಹೊರಗೆ ಕರೆದಳು. ಹಾರಿಮ್ ಇದೇ ಆಸ್ಪತ್ರೆಯ ವೈದ್ಯ ಕಾಲೇಜಿನಲ್ಲಿ ಮೂರನೆಯ ವರ್ಷದಲ್ಲಿ ಓದುತ್ತಿದ್ದಳು. ಬಡ ರೋಗಿಗಳ ಮನೆಯ ಮಕ್ಕಳಿಗೆಂದೇ ಆಸ್ಪತ್ರೆಯವರು ಕಾದಿಟ್ಟ ಸೀಟು ಅವಳದು. ಸಹಿ ಹಾಕಿಬಿಡು ಎಂದಳು. ಇವರು ಇಲ್ಲದಿದ್ದರೆ ಅಜ್ಜಿಯೂ ಇಲ್ಲ, ನೀನೂ ಇಲ್ಲ, ನಾನೂ ಇಲ್ಲ ಎಂದಳು. ಆಮೇಲೆ ಗೋಡೆ ನೋಡುತ್ತ ಇನ್ನೊಂದು ಮಾತು ಹೇಳಿದಳು.

“ಮಾರ್ಚಲ್ಲಿ ಕ್ಲಾಸಲ್ಲಿ ಅಜ್ಜಿ ಫೋಟೊ ತೋರಿಸಿದ್ರು. ಬರೀ ಮೈ. ಕಣ್ಣಿಗೆ ಕಪ್ಪು ಪಟ್ಟಿ ಇತ್ತು. ನನಗೆ ಗೊತ್ತಾಯ್ತು.”

“ನೀನೇನಂದೆ?”

“ಏನಿಲ್ಲ. ನೋಟ್ಸ್ ಬರ್ಕೊಂಡೆ.”

ಇಮ್‌ಸುಕ್ ಮಗಳ ಮುಖವನ್ನು ದಿಟ್ಟಿಸಿದಳು. “ಅಜ್ಜಿ ಮೂಳೆ ಕೊರೆದು ನಿನ್ನ ಕೋಟಿಗೆ ಗುಂಡಿ ಹೊಲಿಸ್ಕೊ,” ಎಂದು ಒಳಗೆ ಹೋದಳು.

ಡಾಕ್ಟರ್ ಪ್ಯೊನ್ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು, ನಿಮ್ಮ ಇಷ್ಟದಂತೆ ಆಗಲಿ ಎಂದು ನಗುಮುಖದಿಂದಲೇ ಎದ್ದರು. ಹೋಗುವಾಗ ಹಾರಿಮಳ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಕೇಳಿದರು. ಅವಳು ತಲೆಯಾಡಿಸಿದ್ದು ಇಮ್‌ಸುಕಳಿಗೆ ಕಾಣಿಸಿತು. ತನ್ನ ಪರವಾಗಿ ಮಗಳು ಕ್ಷಮೆ ಕೇಳುತ್ತಿದ್ದಾಳೆ ಎಂದುಕೊಂಡಳು.

ಹೆಣಕ್ಕೆ ಬಟ್ಟೆ ಉಡಿಸುವುದು ನಾಲ್ಕು ಗಂಟೆಗೆ. ಅದು ಶೋಕಗೃಹದ ಕೆಲಸದವರು ಮಾಡುವ ಶಾಸ್ತ್ರ. ಮನೆಯವರು ಗಾಜಿನಾಚೆ ನಿಂತು ನೋಡುತ್ತಾರೆ. ಮೈ ಒರೆಸುವುದೂ ಉಡಿಸುವುದೂ ತಾನೇ ಮಾಡುತ್ತೇನೆಂದು ಇಮ್‌ಸುಕ್ ಬೆಳಗ್ಗೆಯೇ ಜಗಳವಾಡಿ ಒಪ್ಪಿಸಿದ್ದಳು. ಮೂರೂವರೆಗೆ ಸೆಣಬಿನ ಉಡುಪನ್ನು ತೋಳಿನ ಮೇಲೆ ಹಾಕಿಕೊಂಡು ಓಣಿಯ ಕೊನೆಯ ಕೋಣೆಗೆ ನಡೆದಳು. ಬಾಗಿಲು ಅರೆ ತೆರೆದಿತ್ತು.

ಒಳಗೆ ಹನ್ನೆರಡು ಮಂದಿ ಬಿಳಿ ಕೋಟಿನವರು ಮೇಜಿನ ಸುತ್ತ ನಿಂತಿದ್ದರು. ಮಾಲ್‌ಸುನಳನ್ನು ಮಗ್ಗುಲಾಗಿ ಮಲಗಿಸಿದ್ದರು. ಹೊದಿಕೆ ಸೊಂಟದವರೆಗೆ ಜಾರಿತ್ತು. ಹಾರಿಮ್ ಕೈಗವಸು ತೊಟ್ಟು, ಪಕ್ಕದ ಹುಡುಗನ ಬೆರಳುಗಳನ್ನು ಹಿಡಿದು ಆ ಬೆನ್ನಿನ ಮೇಲೆ ನಡೆಸುತ್ತಿದ್ದಳು.

“ಇಲ್ಲಿ ಮೂರು ಮೂಳೆ ಒಂದಾಗಿ ಅಂಟಿವೆ. ಗಟ್ಟಿಯಾಗಿ ಒತ್ತು. ಈಗ ನೋವಾಗಲ್ಲ.”

ಇಮ್‌ಸುಕಳನ್ನು ಮೊದಲು ನೋಡಿದ್ದು ಹಾರಿಮ್. ಅವಳ ಕೈ ನಿಂತಿತು. ಗೋಡೆಯ ಬದಿ ಕುರ್ಚಿಯಲ್ಲಿದ್ದ ಡಾಕ್ಟರ್ ಪ್ಯೊನ್ ಎದ್ದು ನಿಂತರು. ಮೊಮ್ಮಗಳು ಒಪ್ಪಿದಳು, ಚಾಕು ಮುಟ್ಟಿಸಿಲ್ಲ, ಬರೀ ಹತ್ತು ನಿಮಿಷ ಎಂದು ಮೃದುವಾಗಿ ವಿವರಿಸಿದರು. ಇಮ್‌ಸುಕ್ ಮುಂದೆ ಬಂದು ಹೊದಿಕೆಯನ್ನು ತಾಯಿಯ ಕುತ್ತಿಗೆಯವರೆಗೆ ಎಳೆದಳು.

ಡಾಕ್ಟರು ವಿದ್ಯಾರ್ಥಿಗಳಿಗೆ ಸನ್ನೆ ಮಾಡಿದರು. ಮೃತರಿಗೆ ಹೇಗೆ ಗೌರವ ಸಲ್ಲಿಸಬೇಕೆಂದು ಈ ಆಸ್ಪತ್ರೆಯಲ್ಲಿ ಮೊದಲ ವರ್ಷವೇ ಕಲಿಸುತ್ತಿದ್ದರು. ಅವರೆಲ್ಲ ಸಾಲಾಗಿ ನಿಂತು, ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಸೊಂಟದಿಂದ ಬಾಗಿ ಹಾಗೇ ನಿಂತರು. ಒಂದು ಇಡೀ ನಿಮಿಷ ಯಾರೂ ತಲೆಯೆತ್ತಲಿಲ್ಲ. ಇಮ್‌ಸುಕ್ ಸೆಣಬಿನ ಉಡುಪನ್ನು ಎದೆಗೊತ್ತಿಕೊಂಡು ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದಳು. ಎಲ್ಲರದೂ ಅದೇ ಬಿಳಿ ಕೋಟು, ಮುಖದ ಮೇಲೆ ಇಳಿಬಿದ್ದ ಅದೇ ಕರಿ ಕೂದಲು. ಅವರಲ್ಲಿ ತನ್ನ ಮಗಳು ಯಾರೆಂದು ಅವಳಿಗೆ ತಿಳಿಯಲಿಲ್ಲ.