ಒನ್ಸ್ ಮೋರ್

ನಾಯಕ ಪೊಲೀಸ್ ಜೀಪಿನಿಂದ ಆರೋಪಿಯನ್ನು ಎಳೆದು ಬಡಿದು ಕೊಂದಾಗ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರು. ಕೂಗಿದರೆ ದೃಶ್ಯವನ್ನು ಮತ್ತೆ ತೋರಿಸುವುದು ಆ ಚಿತ್ರಮಂದಿರದ ರೂಢಿ. ಮೇಲೆ ಪ್ರೊಜೆಕ್ಟರ್ ಕೋಣೆಯಲ್ಲಿ ಆಪರೇಟರ್ ಮಾತ್ರ ಗುಂಡಿ ಮುಟ್ಟದೆ ಕುಳಿತಿದ್ದ. ಹೋದ ತಿಂಗಳು ಅವನ ತಮ್ಮನನ್ನು ಕಳ್ಳನೆಂದು ತಪ್ಪು ತಿಳಿದು, ಇದೇ ಬೀದಿಯ ಜನ ಹೀಗೆಯೇ ಪೊಲೀಸ್ ಜೀಪಿನಿಂದ ಎಳೆದು ಕೊಂದಿದ್ದರು.

ಮ್ಯಾನೇಜರ್ ಬಾಗಿಲು ತಳ್ಳಿದ. “ಕಿವಿಗೆ ಹತ್ತಿ ಇಟ್ಕೊಂಡಿದ್ದೀಯೇನೋ? ಹಾಕ್ದೇ ಇದ್ರೆ ಕುರ್ಚಿ ಮುರೀತಾರೆ.”

“ನನ್ನ ತಮ್ಮನ್ನೂ ಹೀಗೇ ಎಳೆದ್ರು, ಸಾರ್.”

ಮ್ಯಾನೇಜರ್ ತಲೆ ತಗ್ಗಿಸಿದ. “ಗೊತ್ತು ಕಣೋ. ಜನ ಕೇಳ್ತಿದ್ದಾರೆ, ನಾನೇನ್ಮಾಡ್ಲಿ?”

ಅಂದು ತಮ್ಮನ ಜೀಪಿನಲ್ಲಿದ್ದ ಪೇದೆ ಹೇಳಿದ್ದೂ ಅದನ್ನೇ.

ಆಪರೇಟರ್ ದೃಶ್ಯವನ್ನು ಹಿಂದಕ್ಕೆ ಓಡಿಸಿದ. ಕೋಣೆಯ ಪುಟ್ಟ ಪರದೆಯಲ್ಲಿ ಸತ್ತವನು ಎದ್ದು, ಜೀಪು ಹತ್ತಿ, ಇಬ್ಬರು ಪೊಲೀಸರ ನಡುವೆ ಕುಳಿತ. ಆಪರೇಟರ್ ಅವನನ್ನು ಸ್ವಲ್ಪ ಹೊತ್ತು ಅಲ್ಲೇ ಕೂರಿಸಿಕೊಂಡ. ಕೆಳಗೆ ಸೀಟಿ ಜೋರಾಯಿತು. ಆಮೇಲೆ ಪ್ಲೇ ಗುಂಡಿ ಒತ್ತಿದ.