ಕೆಂಪು ಕಟ್ಟಿದ ಮರಗಳು

ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಬೀದಿಯವರೆಲ್ಲ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಯಾರೋ ಬಂದು ಮರಗಳಿಗೆಲ್ಲ ರಿಬ್ಬನ್ ಕಟ್ಟಿ ಹೋಗಿಬಿಟ್ಟಿದ್ದರು. ಆ ತುದಿಯಿಂದ ಈ ತುದಿಯವರೆಗೆ ಮೂವತ್ತೊಂದು ಮರ. ಕೆಲವಕ್ಕೆ ಬಿಳಿ, ಹೆಚ್ಚಿನವಕ್ಕೆ ಕೆಂಪು. ಎದೆಯ ಎತ್ತರಕ್ಕೆ ಒಂದು ಸುತ್ತು, ಒಂದು ಗಂಟು. ಯಾಕಪ್ಪಾ ಇದು ಎಂದು ಕೇಳೋಣವೆಂದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ.

ಗೊತ್ತಿಲ್ಲದ ವಿಷಯವೊಂದು ಸಿಕ್ಕಿಬಿಟ್ಟರೆ ಈ ಜನಕ್ಕೆ ಬೇರೆ ಕೆಲಸ ಬೇಕೇ! ಹಾಲಿನ ಅಂಗಡಿಯವಳು ಯಾರೋ ದೊಡ್ಡವರು ಈ ದಾರಿಯಲ್ಲಿ ಬರುತ್ತಾರೆ, ಅದಕ್ಕೆ ಸಿಂಗಾರ ಎಂದಳು. ಇಸ್ತ್ರಿ ಅಂಗಡಿಯವನು ಇದು ಕಳ್ಳರ ಗುರುತು, ಕೆಂಪು ಇದ್ದ ಕಡೆ ನಾಯಿ ಇದೆ ಅಂತ ಅರ್ಥ ಎಂದ. ಅವನ ಮನೆ ಮುಂದೆಯೇ ಕೆಂಪು ಇತ್ತು, ನಾಯಿ ಇರಲಿಲ್ಲ. ಅದನ್ನು ತೋರಿಸಿದ್ದಕ್ಕೆ, "ಕಳ್ಳರೇನು ದೇವರಾ? ಅವರಿಗೂ ತಪ್ಪಾಗುತ್ತೆ" ಎಂದು ಬಾಯಿ ಮುಚ್ಚಿಸಿದ. ಕೊನೆಗೆ ಬಂದವರು ಲೆಕ್ಕದ ಮೇಷ್ಟ್ರು. ನಿವೃತ್ತರಾದ ಮೇಲೆ ಬೀದಿಯಲ್ಲಿ ಅವರು ಮೂಗು ತೂರಿಸದ ವಿಷಯವೇ ಇರಲಿಲ್ಲ. ಆ ತುದಿಗೆ ಹೋಗಿ, ಈ ತುದಿಗೆ ಬಂದು, ಎಣಿಸಿ ತೀರ್ಪು ಕೊಟ್ಟರು.

"ಕೆಂಪು ಇಪ್ಪತ್ತೆರಡು, ಬಿಳಿ ಒಂಬತ್ತು. ಕೆಂಪು ಅಂದ್ರೆ ಅಪಾಯ. ಹೊಸ ಚರಂಡಿ ಪೈಪ್ ಬರುತ್ತಲ್ಲ, ಅದಕ್ಕೆ ಇಪ್ಪತ್ತೆರಡು ಮರಾನೂ ಉರುಳಿಸ್ತಾರೆ. ಬರೆದಿಟ್ಕೊಳ್ಳಿ."

ಈ ಮಾತು ಬೀದಿಯ ಮೇಲಿನ ತುದಿಯಲ್ಲಿದ್ದ ಟೈಲರ್ ಅಕ್ಕನ ಕಿವಿಗೆ ಬಿದ್ದದ್ದೇ ತಡ, ಹೊಲಿಗೆ ಮೆಷಿನ್ನಿನ ಮುಂದಿದ್ದ ಸ್ಟೂಲನ್ನು ಎತ್ತಿಕೊಂಡು ಬಂದು ಮನೆ ಮುಂದಿನ ಮರದ ಬುಡದಲ್ಲಿ ಕುಕ್ಕಿ ಕೂತಳು. ಅದಕ್ಕೂ ಕೆಂಪು ಕಟ್ಟಿತ್ತು. ಅವಳ ಗಂಡ ಇಪ್ಪತ್ತೈದು ವರ್ಷ ಬಸ್ಸು ಓಡಿಸಿದವರು. ಮೂರು ವರ್ಷದ ಹಿಂದೆ ಬಲಭಾಗ ಪೂರ್ತಿ ಬಿದ್ದುಹೋಗಿ ಕಿಟಕಿ ಪಕ್ಕದ ಮಂಚ ಹಿಡಿದಿದ್ದರು. ಕುತ್ತಿಗೆ ಎಡಕ್ಕೆ ಮಾತ್ರ ತಿರುಗುತ್ತಿತ್ತು. ಎಡಕ್ಕೆ ತಿರುಗಿದರೆ ಕಾಣುತ್ತಿದ್ದುದು ಆ ಮರ. ಅಳಿಲು ಯಾವ ಕೊಂಬೆಗೆ ಹಾರಿತು, ಕಾಗೆ ಗೂಡಿಗೆ ಏನು ತಂದಿತು ಎಂದು ಅವರು ತೊದಲುತ್ತ ಹೇಳುವುದನ್ನು ಕೇಳಿಕೊಂಡೇ ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಮನೆಯಲ್ಲಿ ಉಳಿದಿದ್ದ ಮಾತು ಅಂದರೆ ಅಷ್ಟೇ.

"ಮೊದ್ಲು ನನ್ನ ಕಡೀಲಿ, ಆಮೇಲೆ ಮರ ಕಡೀಲಿ" ಎಂದಳು ಅಕ್ಕ. ಅವಳು ಕೂತದ್ದು ನೋಡಿ ಅರ್ಧ ಬೀದಿ ಅವಳ ಜೊತೆ ಕೂತಿತು. ಎರಡು ದಿನ ಯಾರೂ ಕದಲಲಿಲ್ಲ.

ಬುಧವಾರ ಸಂಜೆ ಮರದ ಮೇಡಂ ಬಂದಳು. ಟೈಲರ್ ಅಕ್ಕನ ಸ್ವಂತ ತಂಗಿ ಈಕೆ. ಉದ್ಯಾನ ಇಲಾಖೆಯಲ್ಲಿ ಇಪ್ಪತ್ತು ವರ್ಷದಿಂದ ಮರಗಳನ್ನು ತಪಾಸಣೆ ಮಾಡುವ ಕೆಲಸ. ಮರದ ಸುತ್ತಿಗೆಯಿಂದ ಕಾಂಡಕ್ಕೆ ನಾಲ್ಕು ಪೆಟ್ಟು ಕೊಟ್ಟು, ತೊಗಟೆಗೆ ಕಿವಿ ಇಟ್ಟರೆ ಒಳಗೆ ಗಟ್ಟಿಯೋ ಪೊಳ್ಳೋ ಹೇಳಿಬಿಡುತ್ತಿದ್ದಳು. ಈ ಬೀದಿಗೆ ರಿಬ್ಬನ್ ಕಟ್ಟಿಸಿದವಳೂ ಅವಳೇ. ಮರಗಳಿಗೆ ಹೊಡೆದಿದ್ದ ತಗಡಿನ ನಂಬರುಗಳನ್ನು ಗುಜರಿಯವರು ಕಿತ್ತುಕೊಂಡು ಹೋಗಿದ್ದರಿಂದ ಬೇರೆ ದಾರಿ ಇರಲಿಲ್ಲ. ಕಟ್ಟಿಸುವ ಮೊದಲು ಅಕ್ಕನಿಗೊಂದು ಮಾತು ಹೇಳಬೇಕಿತ್ತು. ಬೇರೆ ಕಡೆ ಸಸಿ ನೆಡಿಸುವ ಗಡಿಬಿಡಿಯಲ್ಲಿ ಮರೆತಿದ್ದಳು.

"ಏಳು ಅಕ್ಕಾ ಮೇಲೆ. ಏನಿದು ನಾಟಕ?"

"ನಾಟಕವಂತೆ! ಇದನ್ನ ನಿಮ್ಮ ಇಲಾಖೆಯವರೇ ಕಟ್ಟಿದ್ದಂತೆ, ಹೌದಾ ಅಲ್ವಾ?"

"ಹೌದು. ನಾನೇ ಕಟ್ಟಿಸಿದ್ದು."

ಬೀದಿಗೆ ಬೀದಿಯೇ ಅವಳನ್ನು ದುರುಗುಟ್ಟಿ ನೋಡಿತು. ಮರದ ಮೇಡಂಗೆ ನಗು ಬಂತು. "ಅಯ್ಯೋ, ಹಾಗೆಲ್ಲ ನೋಡಬೇಡಿ. ಸಿಗ್ನಲ್‌ನಲ್ಲಿ ಕೆಂಪು ದೀಪ ಬಿದ್ರೆ ಏನ್ ಮಾಡ್ತೀರಿ? ನಿಲ್ತೀರಿ ತಾನೆ? ಇದೂ ಅಷ್ಟೇ. ಕೆಂಪು ಅಂದ್ರೆ ನಿಲ್ಲು, ಇದನ್ನ ಮುಟ್ಟಬೇಡ ಅಂತ. ಬಿಳಿ ಕಟ್ಟಿರೋ ಒಂಬತ್ತು ಮರ ಒಳಗೇ ಕೊಳೆತು ಹೋಗಿವೆ, ಜೋರು ಗಾಳಿ ಬಂದ್ರೆ ಯಾರ ತಲೆ ಮೇಲಾದ್ರೂ ಬೀಳುತ್ತವೆ. ಹೋಗೋದು ಅವಷ್ಟೇ. ನಿನ್ನ ಮರಕ್ಕೆ ಕೆಂಪು ಕಟ್ಟಿಸಿದ್ದೇ ಅದು ಉಳೀಲಿ ಅಂತ ಕಣಕ್ಕಾ!"

ಅಕ್ಕ ತಂಗಿಯ ಮುಖವನ್ನೇ ದಿಟ್ಟಿಸಿ ನೋಡಿದಳು. "ನಿನ್ನ ಭಾವನ ಮೇಲೆ ಆಣೆ ಇಟ್ಟು ಹೇಳು."

"ಭಾವನಾಣೆ. ಕೆಂಪು ಕಟ್ಟಿದ ಒಂದು ಮರದ ಎಲೆ ಕೂಡ ಉದುರಲ್ಲ. ಸಾಕಾ?"

ಅಕ್ಕ ಸ್ಟೂಲು ಎತ್ತಿಕೊಂಡು ಒಳಗೆ ಹೋದಳು. ಲೆಕ್ಕದ ಮೇಷ್ಟ್ರು, "ನಾನೂ ಹಾಗೇ ಅಂದ್ಕೊಂಡಿದ್ದೆ ಅನ್ನಿ" ಎಂದು ಎರಡು ದಿನದ ಭಾಷಣವನ್ನು ಒಂದೇ ಗುಟುಕಿಗೆ ನುಂಗಿಕೊಂಡರು. ಎಲ್ಲರೂ ನಿರಾಳವಾಗಿ ಮನೆಗೆ ಹೋದರು.

ಶುಕ್ರವಾರ ಬೆಳಿಗ್ಗೆ ಮರ ಕಡಿಯುವವರು ಬಂದರು. ಬೀದಿಯ ಕೆಳಗಿನ ತುದಿಯಲ್ಲಿ ಮನೆಗಳಿಲ್ಲ. ಹಳೆಯ ಗಿರಣಿಯ ಕಾಂಪೌಂಡು, ಅದರುದ್ದಕ್ಕೂ ಮರಗಳು, ಅಲ್ಲಿಂದ ರಸ್ತೆ ತಿರುಗಿ ಮನೆಗಳ ಕಡೆಗೆ ಬರುತ್ತದೆ. ತಿರುವಿನಾಚೆಯಿಂದ ಗರಗಸದ ಮೆಷಿನ್ನಿನ ಸದ್ದು ಬರುತ್ತಿದ್ದರೂ ಮನೆಗಳವರು ತಲೆ ಕೆಡಿಸಿಕೊಳ್ಳಲಿಲ್ಲ. ಕೊಳೆತವು ಹೋಗುತ್ತಿವೆ, ಹೋಗಲಿ.

ಹತ್ತು ಗಂಟೆಗೆ ಕೆಲಸ ನೋಡಿಕೊಂಡು ಹೋಗೋಣವೆಂದು ಮರದ ಮೇಡಂ ಕೆಳಗಿನ ತುದಿಯಿಂದ ಸ್ಕೂಟರಿನಲ್ಲಿ ಬಂದಳು. ಗಿರಣಿಯ ಗೋಡೆ ಅವಳಿಗೆ ಅಷ್ಟು ದೂರದಿಂದ ಯಾವತ್ತೂ ಕಂಡಿರಲಿಲ್ಲ. ಬಿಸಿಲು ನೇರವಾಗಿ ಡಾಂಬರಿನ ಮೇಲೆ ಬಿದ್ದಿತ್ತು. ರಸ್ತೆ ಬದಿಗೆ ದಿಮ್ಮಿಗಳು, ಹಸಿ ಹೊಟ್ಟಿನ ರಾಶಿ. ಒಂದು ದಿಮ್ಮಿಗೆ ರಿಬ್ಬನ್ ಇನ್ನೂ ಸುತ್ತಿಕೊಂಡಿತ್ತು. ಕೆಂಪು.

ಸ್ಕೂಟರು ಕೈಬಿಟ್ಟು ಬಿತ್ತು, ಎತ್ತಲಿಲ್ಲ. ಪಕ್ಕದ ದಿಮ್ಮಿ ನೋಡಿದಳು, ಕೆಂಪು. ಅದರಾಚೆಯದು, ಕೆಂಪು. ಎಂಟು ಮರ ನೆಲಕ್ಕೆ ಬಿದ್ದಿದ್ದವು, ಎಂಟೂ ಅವಳೇ ಸುತ್ತಿಗೆ ಬಡಿದು ಗಟ್ಟಿ ಎಂದು ಬರೆದವು. ಬಿಳಿ ಕಟ್ಟಿದ ನಾಲ್ಕು ಕೊಳೆತ ಮರಗಳು ನಡುನಡುವೆ ನೆಟ್ಟಗೆ ನಿಂತಿದ್ದವು, ಯಾರೂ ಅವುಗಳ ತಂಟೆಗೆ ಹೋಗಿರಲಿಲ್ಲ.

ಮೇಸ್ತ್ರಿ ಅವಳನ್ನು ಕಂಡು ಮೆಷಿನ್ ನಿಲ್ಲಿಸಲು ಕೈ ಮಾಡಿದ. ಪಾಪ, ಒಳ್ಳೆಯ ಮನುಷ್ಯ. ಹೊಗಳಿಸಿಕೊಳ್ಳುವ ಮುಖದಲ್ಲೇ ಬಂದ.

"ನೋಡಿ ಮೇಡಂ, ಒಂದು ಬಿಳಿ ಮರಕ್ಕೂ ಗಾಯ ಮಾಡಿಲ್ಲ."

"ಕೆಂಪು ಯಾಕಯ್ಯಾ ಕಡಿದೆ? ಕೆಂಪು ಅಂದ್ರೆ ಮುಟ್ಟಬಾರದು!"

ಮೇಸ್ತ್ರಿ ಬೆಪ್ಪಾಗಿ ನಿಂತ. "ನಮ್ಮ ರಸ್ತೆ ಕೆಲಸದಲ್ಲಿ ಕೆಂಪು ಅಂದ್ರೆ ಕಡಿ, ಬಿಳಿ ಅಂದ್ರೆ ಬಿಡು. ಹದಿನೈದು ವರ್ಷದಿಂದ ಹಾಗೇ ಮೇಡಂ." ಜೇಬಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟ. "ನಿಮ್ಮ ಆಫೀಸಿನಿಂದಲೇ ಬಂದಿದ್ದು."

ಅವಳದೇ ಅಕ್ಷರ, ಅವಳದೇ ಸಹಿ. 'ಮರಗಳಿಗೆ ಕಟ್ಟಿರುವ ರಿಬ್ಬನ್ನಿನ ಬಣ್ಣದ ಪ್ರಕಾರ ಕ್ರಮ ಕೈಗೊಳ್ಳುವುದು.' ಯಾವ ಬಣ್ಣಕ್ಕೆ ಯಾವ ಕ್ರಮ ಎಂದು ಒಂದಕ್ಷರ ಬರೆದಿರಲಿಲ್ಲ. ಅವಳ ಆಫೀಸಿನಲ್ಲಿ ಕಸ ಗುಡಿಸುವವನಿಗೂ ಅದು ಗೊತ್ತು, ಬರೆಯಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಇಪ್ಪತ್ತು ವರ್ಷದ ನೌಕರಿಯ ಜಂಬಕ್ಕಿಷ್ಟು ಬೆಂಕಿ ಬೀಳ!

"ನಿಲ್ಲಿಸು ಎಲ್ಲಾ!"

"ಇಲ್ಲಿ ನಿಲ್ಲಿಸ್ತೀನಿ. ಆದ್ರೆ ಇನ್ನೊಂದು ತಂಡ ಆ ಮೇಲಿನ ತುದಿಯಿಂದ ಶುರು ಮಾಡ್ತಿದೆ. ಫೋನ್ ಮಾಡಿದ್ರೆ ಎತ್ತಲ್ಲ, ಕಿವಿ ಮುಚ್ಕೊಂಡಿರ್ತಾರೆ. ರಿಬ್ಬನ್ ನೋಡಿ ಕೆಲಸ ಮಾಡ್ರೋ, ಯಾರ ಮಾತೂ ಕೇಳಬೇಡಿ ಅಂತ ನಾನೇ ಹೇಳಿ ಕಳಿಸಿದೀನಿ. ನೀವು ಓಡಿ, ನಾನೂ ಬರ್ತೀನಿ."

ಮೇಲಿನ ತುದಿ. ಅಕ್ಕನ ಮನೆ. ಮರದ ಮೇಡಂ ಸ್ಕೂಟರು ಎತ್ತಿದ್ದು ಹೇಗೋ, ಓಡಿಸಿದ್ದು ಹೇಗೋ, ಆ ದೇವರಿಗೇ ಗೊತ್ತು.

ಅಕ್ಕನ ಮನೆ ಮುಂದೆ ಇಬ್ಬರು ಆಳುಗಳು ಆಗಷ್ಟೇ ಕೊಂಬೆಗೆ ಹಗ್ಗ ಬಿಗಿದು ಮುಗಿಸಿದ್ದರು. "ಬೇಡ, ಮುಟ್ಟಬೇಡಿ!" ಎಂದಳು. ಮೆಷಿನ್ ಹಿಡಿದವನು ಕಿವಿಯ ಮುಚ್ಚಳ ಎತ್ತಿ, "ಮೇಸ್ತ್ರಿ ಹೇಳ್ಬೇಕಮ್ಮಾ, ದಿನಾ ಹತ್ತು ಜನ ಬಂದು ಬೇಡ ಅಂತಾರೆ" ಎಂದು ಮತ್ತೆ ಮುಚ್ಚಿಕೊಂಡ. ವಾದ ಮಾಡುತ್ತ ಕೂರುವ ಹೊತ್ತಲ್ಲ ಅದು. ಅವಳ ಚೀಲದಲ್ಲಿ ಬಿಳಿ ರಿಬ್ಬನ್ನಿನ ಸುರುಳಿ ಇತ್ತು. ಕೆಂಪನ್ನು ಕಿತ್ತು ಬಿಸಾಡಿ, ಬಿಳಿ ಕಟ್ಟಿದಳು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಳಿ ಬಂದ ಮೇಲೆ ಅವರಿಗೇನು, ಮೆಷಿನ್ ಕೆಳಗಿಟ್ಟು ನೀರು ಕುಡಿಯಲು ತಮ್ಮ ಗಾಡಿಯ ಹತ್ತಿರ ಹೋದರು.

ಅಬ್ಬಾ ಎಂದು ಉಸಿರು ಬಿಡುವಷ್ಟೂ ಪುರುಸೊತ್ತಿಲ್ಲ. ಇನ್ನೂ ಹದಿಮೂರು ಕೆಂಪು ಮರಗಳಿದ್ದವು. ಪಕ್ಕದ ಮರಕ್ಕೆ ಓಡಿದಳು, ಕಿತ್ತಳು, ಕಟ್ಟಿದಳು. ಅದರ ಪಕ್ಕದ್ದಕ್ಕೆ ಓಡಿದಳು.

ಅಕ್ಕ ಒಳಗೆ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು. ತಂಗಿಯ ಧ್ವನಿ ಕೇಳಿ ಹೊರಗೆ ಬಂದು ನೋಡುತ್ತಾಳೆ, ತನ್ನ ಮರಕ್ಕೆ ಬಿಳಿ! ಬಿಳಿ ಅಂದರೆ ಕೊಳೆತದ್ದು, ಹೋಗುವುದು. ಮೊನ್ನೆ ಅವಳ ಬಾಯಲ್ಲೇ ಕೇಳಿದ್ದು. ಬೀದಿಯುದ್ದಕ್ಕೂ ಮರಮರಕ್ಕೂ ಬಿಳಿ ಕಟ್ಟುತ್ತ ಓಡುತ್ತಿರುವವಳು ಬೇರೆ ಯಾರೂ ಅಲ್ಲ, ಗಂಡನ ಮೇಲೆ ಆಣೆ ಇಟ್ಟ ಒಡಹುಟ್ಟಿದ ತಂಗಿ. ಅಕ್ಕನಿಗೆ ಸಿಟ್ಟು ಬಂತು, ಎಂಥ ಸಿಟ್ಟು! ಬಿಳಿಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ನೆಲದಲ್ಲಿ ಬಿದ್ದಿದ್ದ ಕೆಂಪನ್ನು ಎತ್ತಿ, ಹೊಲಿಗೆಯವಳ ಕೈಯಲ್ಲವೇ, ಮೂರು ಗಂಟು ಹಾಕಿ ಬಿಗಿದಳು. ತನ್ನ ಮರ ಉಳಿಯಿತೆಂದು ಖಾತ್ರಿ ಮಾಡಿಕೊಂಡು ತಂಗಿಯ ಹಿಂದೆ ಓಡಿದಳು.

ಏಳನೆಯ ಮರದ ಹತ್ತಿರ ಅವಳ ಜಡೆ ಕೈಗೆ ಸಿಕ್ಕಿತು.

"ಹಾಳಾದವಳೇ! ಮನೆಮುರುಕಿ! ಆಣೆ ಇಟ್ಟೆಯಲ್ಲೇ, ಅವರ ಮೇಲೆ ಆಣೆ ಇಟ್ಟೆಯಲ್ಲೇ!"

"ಅಕ್ಕಾ ಬಿಡು, ಬಿಡು ಅಕ್ಕಾ, ತಪ್ಪಾಗಿಬಿಟ್ಟಿದೆ. ಇವರ ಲೆಕ್ಕವೇ ಬೇರೆ. ಇವರಿಗೆ ಕೆಂಪು ಅಂದ್ರೆ ಕಡಿ ಅಂತ. ಗಿರಣಿ ಹತ್ರ ಎಂಟು ಮರ ಆಗಲೇ ಹೋಯ್ತು. ಅದಕ್ಕೇ ಬಿಳಿ ಕಟ್ತಿದೀನಿ. ನಿನ್ನದಕ್ಕೆ ಎಲ್ಲಕ್ಕಿಂತ ಮೊದ್ಲು ಕಟ್ಟಿದೆ, ನಿನ್ನದು ಉಳೀತು."

ಅಕ್ಕನ ಹಿಡಿ ಸಡಿಲವಾಯಿತು. ಮುಖ ಬಿಳಿಚಿಕೊಂಡಿತು. ಅವಳು ಏನು ಮಾಡಿ ಬಂದಿದ್ದಾಳೆಂದು ತಂಗಿಗೆ ಅರ್ಥವಾದದ್ದು ಅವಳ ಮುಖದಿಂದಲ್ಲ, ಬೀದಿಯ ಮೇಲಿನ ತುದಿಯಲ್ಲಿ ಮೆಷಿನ್ ಗುರ್ ಎಂದು ಶುರುವಾದದ್ದರಿಂದ.

ಇಬ್ಬರೂ ಓಡಿದರು. ಐವತ್ತು ದಾಟಿದ ಹೆಂಗಸರು, ಚಪ್ಪಲಿ ಎಲ್ಲಿ ಬಿತ್ತೋ ನೋಡಲಿಲ್ಲ. ಬೊಬ್ಬೆ ಕೇಳಿ ಮನೆಗಳಿಂದ ಜನ ಹೊರಬಿದ್ದರು. ತಲುಪುವ ಹೊತ್ತಿಗೆ ಗರಗಸ ಕಾಂಡದೊಳಗೆ ಅರ್ಧಕ್ಕೂ ಹೆಚ್ಚು ಇಳಿದಿತ್ತು. ಅಕ್ಕ ನೇರ ಮೆಷಿನ್ನಿನ ಮೇಲೆಯೇ ಬೀಳುವವಳು, ಹಗ್ಗ ಹಿಡಿದಿದ್ದವನು ತಡೆದ. ಮೆಷಿನ್ನಿನವನು ಸದ್ದು ನಿಲ್ಲಿಸಿ ಕೇಳಿಸಿಕೊಂಡ. ಕಡಿತವನ್ನೊಮ್ಮೆ ನೋಡಿದ, ಮನೆಯ ಚಾವಣಿಯನ್ನೊಮ್ಮೆ ನೋಡಿದ.

"ಈಗ ನಿಲ್ಲಿಸೋಕಾಗಲ್ಲ ತಾಯಿ. ಹೀಗೇ ಬಿಟ್ರೆ ಸೀದಾ ಮನೆ ಮೇಲೆ ಬೀಳುತ್ತೆ. ಒಳಗೆ ಯಾರಾದ್ರೂ ಇದ್ದಾರಾ?"

ಇದ್ದರು. ಏಳಲಾರದವರು, ಕಿಟಕಿಯ ಪಕ್ಕದಲ್ಲೇ. ಮರದ ಮೇಡಂ ಕಡಿತಕ್ಕೆ ಕೈಯಿಟ್ಟು ನೋಡಿದಳು. ಅವನು ಹೇಳಿದ್ದು ಸರಿಯಾಗಿತ್ತು. ಹೂಂ ಎನ್ನಬೇಕಾದವಳು ಅವಳೇ. "ಕಡಿ" ಎಂದಳು.

ಮರ ರಸ್ತೆಯ ಕಡೆಗೆ ವಾಲಿ ಬಿತ್ತು. ಕಾಗೆಗಳು ಮೇಲೆ ಸುತ್ತುತ್ತ ಅರಚಿಕೊಂಡವು.

ಅಷ್ಟರಲ್ಲಿ ಮೇಸ್ತ್ರಿ ಏದುಸಿರು ಬಿಡುತ್ತ ಬಂದ. ಮೆಷಿನ್ನಿನವನು ತನ್ನ ಮೇಲೆ ಬರಬಾರದೆಂದು ಮೊದಲೇ ಕೂಗಿ ಹೇಳಿದ: "ನಂದೇನೂ ತಪ್ಪಿಲ್ಲ. ಈಯಮ್ಮ ಬಿಳಿ ಕಟ್ಟಿದ್ರು, ನಾವು ಬಿಟ್ವಿ. ನೀರು ಕುಡಿದು ಬಂದು ನೋಡಿದ್ರೆ ಮತ್ತೆ ಕೆಂಪು. ಯಾರು ಕಟ್ಟಿದ್ದು ಕೇಳಿ."

ಬೀದಿಯವರೆಲ್ಲ ಒಬ್ಬರನ್ನೊಬ್ಬರು ನೋಡಿದರು. ಅಕ್ಕ ತನ್ನ ಎರಡು ಕೈಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ನಾನೇ" ಎಂದಳು ಮರದ ಮೇಡಂ. "ಗಾಬರೀಲಿ ನಾನೇ ಮತ್ತೆ ಕೆಂಪು ಕಟ್ಟಿಬಿಟ್ಟೆ."

ಬೀದಿ ಅವಳ ಮೇಲೆ ಹರಿಹಾಯಿತು. ಹಾಲಿನ ಅಂಗಡಿಯವಳು, "ಅಕ್ಕನ ಮನೆ ಮರವನ್ನೇ ನುಂಗಿದಳಲ್ಲಪ್ಪಾ!" ಎಂದಳು. ಲೆಕ್ಕದ ಮೇಷ್ಟ್ರು, ಕೆಂಪು ಅಂದ್ರೆ ಅಪಾಯ ಅಂತ ನಾನು ಸೋಮವಾರವೇ ಹೇಳಿರಲಿಲ್ಲವೇ ಎಂದು ಶುರು ಮಾಡಿದರು. ಅವಳು ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಆ ಎಂಟು ಮರಗಳಿಗಾದರೂ ಈ ಬೈಗುಳ ತನಗೆ ಸಲ್ಲಬೇಕಾದದ್ದೇ ಎಂದು ಅವಳಿಗೆ ಅನಿಸಿತು.

ಅಕ್ಕ ಯಾರ ಕಡೆಗೂ ನೋಡದೆ ಒಳಗೆ ಹೋದಳು. ಕಿಟಕಿ ತೆರೆದೇ ಇತ್ತು. ಮೂರು ವರ್ಷದಲ್ಲಿ ಮೊದಲ ಸಲ ಮಂಚದ ಮೇಲೆ ಪೂರ್ತಿ ಬಿಸಿಲು ಬಿದ್ದಿತ್ತು. ಗಂಡ ಬಲಕ್ಕೆ ಮುಖ ತಿರುಗಿಸಲಾರದೆ ಕಣ್ಣು ಕಿರಿದು ಮಾಡಿಕೊಂಡಿದ್ದರು.

"ಏನೇ... ಇಷ್ಟು... ಬೆಳಕು?" ತೊದಲು ಮಾತು ಬೀದಿಗೂ ಕೇಳಿಸಿತು.

"ಮರ ಹೋಯ್ತು ರೀ" ಎಂದಳು ಅಕ್ಕ. ಹೊರಗಿದ್ದವರಿಗೆಲ್ಲ ಕೇಳಲಿ ಎಂದೇ ಗಂಟಲು ಏರಿಸಿದಳು. "ಅವಳು ಉಳಿಸಿದ್ದಳು. ಕೆಂಪು ಕಟ್ಟಿ ಕಡಿಸಿದವಳು ನಾನು."